ನೆನಪೂ ಒಂದು ದಫ್ತರವೇ

ಪತ್ತೇದಾರಿ ಕಾದಂಬರಿ ಎಂದೊಡನೆ ಮೂಗು ಮುರಿಯುವವರು ನಮ್ಮ ಕಾಲೇಜಿನಲ್ಲಿಯೂ ಇಲ್ಲದಿಲ್ಲ. ಪರೀಕ್ಷೆ ಹತ್ತಿರವಾದಾಗ ಮುಟ್ಟಬಾರದ ಪುಸ್ತಕಗಳಲ್ಲಿ ಅದಕ್ಕೇ ಅಗ್ರಸ್ಥಾನ. ಆದರೆ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಅಂಥದೊಂದು ಕಾದಂಬರಿ ತರಗತಿಯ ಪಾಠದಷ್ಟೇ ಉಪಕಾರ ಮಾಡಿತೆಂದರೆ ಗುರುಗಳು ಕ್ಷಮಿಸಬೇಕು.

ಇಂಗ್ಲೆಂಡಿನ ಲೇಖಕಿ ಅಗಾಥಾ ಕ್ರಿಸ್ಟಿಯವರು 1922ರಲ್ಲಿ ಟಾಮಿ, ಟಪೆನ್ಸ್ ಎಂಬ ತರುಣ ತರುಣಿಯರ ಜೋಡಿಯನ್ನು ಸೃಷ್ಟಿಸಿದರು. ಮುಂದಿನ ಪುಸ್ತಕಗಳಲ್ಲಿ ಅವರು ಗಂಡ ಹೆಂಡಿರು. ಇತರ ಪತ್ತೇದಾರರಂತಲ್ಲದೆ ಈ ದಂಪತಿಗಳು ಲೇಖಕಿಯೊಡನೆ ತಾವೂ ಮುದುಕರಾಗುತ್ತ ಬಂದರು. 1973ರಲ್ಲಿ ಪ್ರಕಟವಾದ ‘ಪೋಸ್ಟರ್ನ್ ಆಫ್ ಫೇಟ್’ ಕಾದಂಬರಿಯ ವೇಳೆಗೆ ಅವರು ಮೊಮ್ಮಕ್ಕಳನ್ನು ಕಂಡವರು. ಹಳ್ಳಿಯೊಂದರಲ್ಲಿ ಹಳೆಯ ಮನೆ ಕೊಂಡು ನೆಮ್ಮದಿಯಾಗಿರಲು ಬಂದವರು.

ಆ ಮನೆಯಲ್ಲಿ ಹಿಂದಿನವರು ಬಿಟ್ಟುಹೋದ ಮಕ್ಕಳ ಪುಸ್ತಕಗಳಿವೆ. ಸ್ಟೀವನ್‌ಸನ್ನನ ‘ಬ್ಲ್ಯಾಕ್ ಆರೋ’ ತೆರೆದರೆ ಅಲ್ಲಲ್ಲಿ ಕೆಲವು ಅಕ್ಷರಗಳ ಅಡಿಯಲ್ಲಿ ಗೆರೆ ಎಳೆದಿದೆ. ಟಪೆನ್ಸ್ ಅವನ್ನು ಕೂಡಿಸಿ ಓದುತ್ತಾಳೆ. ಮೇರಿ ಜೋರ್ಡನ್ ಎಂಬಾಕೆಯದು ಸಹಜ ಮರಣವಲ್ಲ, ಕೊಂದವರು ಮನೆಯವರೇ ಎಂಬುದು ಅದರ ತಾತ್ಪರ್ಯ. ಗೆರೆ ಎಳೆದವನೊಬ್ಬ ಹುಡುಗ. ಅವನೂ 14ನೆಯ ವಯಸ್ಸಿನಲ್ಲಿಯೇ ತೀರಿಕೊಂಡವನು. ಇದೆಲ್ಲ ಮೊದಲನೆಯ ಮಹಾಯುದ್ಧದ ಸುಮಾರಿನ ಸಂಗತಿ.

ಇಷ್ಟು ಹಳೆಯ ಕೊಲೆಗೆ ಪೋಲೀಸರೇನು ಮಾಡಿಯಾರು? ಟಪೆನ್ಸ್ ತೋಟದ ಮುದುಕನನ್ನೂ ಊರಿನ ಹಿರಿಯ ಹೆಂಗಸರನ್ನೂ ಮಾತಿಗೆಳೆಯುತ್ತಾಳೆ. ಟಾಮಿ ಲಂಡನ್ನಿಗೆ ಹೋಗಿ ಸರಕಾರದ ಗುಟ್ಟು ಬಲ್ಲ ಹಳೆಯ ಪರಿಚಿತರನ್ನು ಕಾಣುತ್ತಾನೆ. ಆಮೇಲೆ ಇಬ್ಬರೂ ಕುಳಿತು ತಂತಮ್ಮ ಗಳಿಕೆಯನ್ನು ತಾಳೆ ನೋಡುತ್ತಾರೆ. ಮೇರಿ ಜರ್ಮನ್ ಗೂಢಚಾರಿಣಿ ಎಂಬುದು ಊರಿನವರ ಮಾತು. ವಾಸ್ತವವಾಗಿ ಆಕೆ ಇಂಗ್ಲೆಂಡಿನ ಪರವಾಗಿಯೇ ಕೆಲಸ ಮಾಡಿದವಳು. ಅಡಿಗೆಯ ಸೊಪ್ಪಿನಲ್ಲಿ ವಿಷದ ಎಲೆ ಬೆರೆತುದೇನೋ ಊರಿನವರಿಗೆ ನೆನಪಿದೆ. ಆದರೆ ಅವರು ಅದನ್ನು ಕೈತಪ್ಪೆಂದೇ ತಿಳಿದಿದ್ದರು.

ನೆನಪು ತಪ್ಪುತ್ತದೆ, ಆದುದರಿಂದ ಅದು ಆಧಾರವಲ್ಲ ಎಂದು ಕೆಲವರು ವಾದಿಸುವುದುಂಟು. ತಪ್ಪುವುದು ನಿಜ. ಆದರೆ ಕಾಗದವನ್ನೂ ಬರೆದವನು ಮನುಷ್ಯನೇ ಅಲ್ಲವೆ? ಅವನಿಗೂ ಒಂದು ಸ್ವಾರ್ಥವಿರುತ್ತದೆ. ಗಂಡ ಕಚೇರಿಯವರನ್ನು ಕೇಳಿದ, ಹೆಂಡತಿ ಹಿತ್ತಲಿನವರನ್ನು ಕೇಳಿದಳು. ಒಬ್ಬರಿಂದಲೇ ಸತ್ಯ ಹೊರಡುತ್ತಿರಲಿಲ್ಲ. ನಮ್ಮ ಇತಿಹಾಸ ಬಹುಮಟ್ಟಿಗೆ ಟಾಮಿಯ ದಾರಿಯನ್ನಷ್ಟೇ ಹಿಡಿದಿದೆ, ಟಪೆನ್ಸಳ ದಾರಿಯನ್ನು ಹರಟೆಯೆಂದು ಬಿಟ್ಟಿದೆ ಎಂಬುದು ನನ್ನ ದೂರು.

ಕಾದಂಬರಿ ದೋಷರಹಿತವೆಂದು ನಾನು ಹೇಳುವುದಿಲ್ಲ. ಎಂಬತ್ತು ದಾಟಿದ ಲೇಖಕಿ ಬರೆದ ಕೊನೆಯ ಕಾದಂಬರಿ ಅದು. ಹೇಳಿದುದನ್ನೇ ಹೇಳುತ್ತದೆ, ಕಥೆ ಸಡಿಲವಾಗಿದೆ. ಆದರೂ ಒಂದು ಸಂಗತಿ ನನ್ನನ್ನು ಬಿಡಲಿಲ್ಲ. ತೋಟದ ಆ ಮುದುಕ ಐಸಾಕ್ ನಡುವೆಯೇ ಕೊಲೆಯಾಗುತ್ತಾನೆ. ಅವನು ಇನ್ನೂ ಹೇಳಬಹುದಾಗಿದ್ದುದೆಲ್ಲ ಅವನೊಡನೆಯೇ ಮಣ್ಣಾಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮಲ್ಲಿ ಹಳೆಯ ಕಾಗದವೆಂಬುದೇ ಇಲ್ಲ. ಯಾವ ಹೊಲ ಯಾವಾಗ ಸಾಲಕ್ಕೆ ಹೋಯಿತು, ಎಷ್ಟು ಸಾಲಕ್ಕೆ ಹೋಯಿತು ಎಂಬುದೆಲ್ಲ ಅಜ್ಜಿಗೆ ಬಾಯಿಪಾಠವಾಗಿತ್ತು. ಸಾಲ ಕೊಟ್ಟವರ ಬಳಿ ಪತ್ರವಿತ್ತು; ನಮ್ಮ ಬಳಿ ಅಜ್ಜಿ ಇದ್ದಳು. ನಾನು ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳನ್ನು ಉರುಹೊಡೆಯುತ್ತಿದ್ದ ವರ್ಷವೇ ಅವಳು ತೀರಿಕೊಂಡಳು. ಒಂದು ಸಂಜೆಯಾದರೂ ಪಕ್ಕದಲ್ಲಿ ಕುಳಿತು ಕೇಳಿ ಬರೆದುಕೊಳ್ಳಲಿಲ್ಲ. ಈ ಅಪರಾಧಕ್ಕೆ ಪತ್ತೇದಾರರು ಬೇಕಾಗಿಲ್ಲ, ಅಪರಾಧಿ ನಾನೇ.

ವಿದ್ಯಾರ್ಥಿಮಿತ್ರರಲ್ಲಿ ನನ್ನದೊಂದು ಬಿನ್ನಹ. ಬರುವ ರಜೆಯಲ್ಲಿ ಒಂದು ನೋಟುಪುಸ್ತಕ ಹಿಡಿದು ಮನೆಯ ಹಿರಿಯರ ಬಳಿ ಕುಳಿತುಕೊಳ್ಳಿ. ಕೇಳಿದುದನ್ನು ಕೇಳಿದಂತೆಯೇ ಬರೆಯಿರಿ. ಆಮೇಲೆ ಮತ್ತೊಬ್ಬರನ್ನು ಕೇಳಿ ತಾಳೆ ನೋಡಿರಿ. ಅಂಥ ಪುಸ್ತಕಗಳಿಗೆ ನಮ್ಮ ಗ್ರಂಥಾಲಯದಲ್ಲಿ ಒಂದು ಕಪಾಟು ದೊರೆತರೆ ಮುಂದಿನ ವಿದ್ಯಾರ್ಥಿಗಳಿಗೆ ಅದಕ್ಕಿಂತ ದೊಡ್ಡ ಆಸ್ತಿ ಬೇರೊಂದಿಲ್ಲ.