ಟ್ರಾಲಿ ಬಸ್ಸಿನ ನಿವೃತ್ತಿ ಕಲಿಸುವ ಪಾಠ

ಮುಂಬಯಿಯ ಬೀದಿಗಳಲ್ಲಿ ವಿದ್ಯುತ್ ತಂತಿ ಹಿಡಿದು ಓಡುತ್ತಿದ್ದ ಟ್ರಾಲಿ ಬಸ್ಸುಗಳು ನಿವೃತ್ತಿಯಾಗಿ ಅರ್ಧ ಶತಮಾನಕ್ಕೂ ಮೇಲಾಯಿತು. 1962ರ ಜೂನ್ 11ರಂದು ಗೋವಾಲಿಯಾ ಟ್ಯಾಂಕಿನಿಂದ ಮಝಗಾಂವ್ ಡಾಕಿನವರೆಗೆ ಅವುಗಳ ಸಂಚಾರ ಆರಂಭವಾಯಿತು. 1971ರ ಮಾರ್ಚ್ 24ರಂದು ನಿಂತೇಹೋಯಿತು. ಒಂಬತ್ತು ವರ್ಷವೂ ತುಂಬದ ಆಯುಷ್ಯ! ಎಂದೋ ಹೋದ ಬಸ್ಸಿನ ಶ್ರಾದ್ಧವನ್ನು ಹಡಪಸರದಲ್ಲಿ ಕುಳಿತು ಈಗೇಕೆ ಮಾಡುತ್ತೀರಿ ಎಂದು ವಾಚಕರು ಕೇಳಬಹುದು. ಕಾರಣವಿದೆ. ಅಂದು ಮುಂಬಯಿಯಿಂದ ಮರೆಯಾದ ವಿದ್ಯುತ್ ಬಸ್ಸು ಇಂದು ಬೇರೆ ವೇಷ ತೊಟ್ಟು ನಮ್ಮ ಬಾಗಿಲಿಗೇ ಬಂದಿದೆ.

ಟ್ರಾಲಿ ಬಸ್ಸನ್ನು ಕಾಣದ ತರುಣರಿಗಾಗಿ ಎರಡು ಮಾತು. ಟ್ರಾಮಿಗೆ ಮೇಲೆ ಒಂದು ತಂತಿ ಇದ್ದರೆ ಸಾಕು. ವಿದ್ಯುತ್ತು ಕೆಳಗಿನ ಹಳಿಯ ಮೂಲಕ ಹಿಂದಿರುಗುತ್ತದೆ. ರಬ್ಬರಿನ ಗಾಲಿಯ ಟ್ರಾಲಿ ಬಸ್ಸಿಗೆ ಹಳಿಯಿಲ್ಲ. ಆದುದರಿಂದ ಮೇಲೆ ಎರಡು ತಂತಿ, ಬಸ್ಸಿನ ನೆತ್ತಿಯ ಮೇಲೆ ಎರಡು ಕೋಲು. ಹೊಗೆಯಿಲ್ಲ, ಗದ್ದಲವಿಲ್ಲ. ಆದರೆ ಕೋಲು ತಂತಿಯಿಂದ ಜಾರಿದರೆ ಬಸ್ಸು ನಿಂತಲ್ಲೇ ನಿಂತಿತು. ರಸ್ತೆ ಅಗೆದರೆ ಬೇರೆ ಬೀದಿ ಹಿಡಿಯುವಂತಿಲ್ಲ. ಡೀಸೆಲ್ ಬಸ್ಸಿಗೆ ಈ ಕಟ್ಟುಪಾಡುಗಳಿರಲಿಲ್ಲ. 1907ರಿಂದ ವಿದ್ಯುತ್ತಿನಲ್ಲಿ ಓಡಿದ್ದ ಮುಂಬಯಿಯ ಟ್ರಾಮು 1964ರ ಮಾರ್ಚ್ 31ರಂದೇ ವಿದಾಯ ಹೇಳಿತ್ತು. ಏಳು ವರ್ಷಕ್ಕೆ ಟ್ರಾಲಿ ಬಸ್ಸೂ ಅದರ ಹಾದಿ ಹಿಡಿಯಿತು.

ಒಂದೇ ಮಾರ್ಗಕ್ಕಾಗಿ ತಂತಿ, ಕಂಬ, ಕುಶಲ ಕೆಲಸಗಾರರನ್ನು ಇಟ್ಟುಕೊಳ್ಳುವುದು ದುಬಾರಿಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅಗ್ಗದ ಡೀಸೆಲ್ ಎಂದಿಗೂ ಅಗ್ಗವಾಗಿಯೇ ಇರುವುದೆಂದು ನಂಬಿದವರ ಲೆಕ್ಕ ಎಷ್ಟು ದಿನ ನಿಂತಿತು? ಸುಮಾರು ಎರಡೂವರೆ ವರ್ಷ! 1973ರ ಅಕ್ಟೋಬರಿನಲ್ಲಿ ಪಶ್ಚಿಮ ಏಷ್ಯದಲ್ಲಿ ಯುದ್ಧ ಹೊತ್ತಿಕೊಂಡಿತು. ಕೆಲವೇ ತಿಂಗಳುಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಮುಂಬಯಿಯ ಗಿರಣಿಗಳಿಗೆ 1915ರಿಂದಲೇ ಖೋಪೋಲಿಯ ಜಲವಿದ್ಯುತ್ತು ಹರಿಯುತ್ತಿತ್ತು. ಮಗ್ಗ ತಿರುಗಿಸಲು ಘಟ್ಟದ ನೀರು ಸಾಕಾಗಿತ್ತು. ಮಗ್ಗ ನಡೆಸುವವನನ್ನು ಮನೆಗೆ ಮುಟ್ಟಿಸಲು ಮಾತ್ರ ಹೊರದೇಶದ ಎಣ್ಣೆಯೇ ಬೇಕಾಯಿತು.

ಈಗ ನಮ್ಮ ಊರಿನ ಮಾತು. 2019ರ ಫೆಬ್ರವರಿಯಲ್ಲಿ ಪುಣೆಯ ರಸ್ತೆಗೆ ಬ್ಯಾಟರಿ ಬಸ್ಸುಗಳು ಇಳಿದವು. ಹಡಪಸರಕ್ಕೆ ಹೊಂದಿಕೊಂಡ ಭೇಕರಾಯಿನಗರದ ಡಿಪೋ ಅವುಗಳ ಮೊದಲ ನೆಲೆಗಳಲ್ಲೊಂದು. ತಂತಿಯ ಬಂಧನ ಕಳಚಿತು. ವಿದ್ಯುತ್ತು ಹೊಟ್ಟೆಯೊಳಗೇ ಸೇರಿತು. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಸೋಲಾಪುರ ರಸ್ತೆಯ ಹೊಗೆಯನ್ನು ದಿನವೂ ನುಂಗುವ ನಮಗಿಂತ ಹೆಚ್ಚು ಸಂತೋಷ ಇನ್ನಾರಿಗೆ?

ಆದರೆ ಬಸ್ಸಿನ ಜೊತೆಗೆ ಬಂದ ಇನ್ನೊಂದು ಪದ್ಧತಿಯನ್ನು ಕಂಡೂ ಕಾಣದಂತೆ ಇರಲಾರೆವು. ಬಸ್ಸು ಖಾಸಗಿ ಕಂಪನಿಯದು, ಡ್ರೈವರು ಕಂಪನಿಯ ಆಳು. ಸಾರಿಗೆ ಸಂಸ್ಥೆ ಕಿಲೋಮೀಟರಿಗಿಷ್ಟು ಎಂದು ಬಾಡಿಗೆ ಕೊಡುತ್ತದೆ. ಮುಂಬಯಿಯಲ್ಲೂ ಇದೇ ಏರ್ಪಾಡು ಬೆಳೆಯಿತು. ಫಲವೇನಾಯಿತು? 2023ರ ಆಗಸ್ಟಿನಲ್ಲಿ ಬೆಸ್ಟಿನ ಗುತ್ತಿಗೆ ಬಸ್ಸುಗಳ ನೌಕರರು ವೇತನಕ್ಕಾಗಿ ಮುಷ್ಕರ ಹೂಡಬೇಕಾಯಿತು. ಹಳೆಯ ಬಸ್ಸಿನೊಡನೆ ಕಾಯಂ ನೌಕರಿಯೂ ನಿವೃತ್ತಿಯಾಗುವುದಾದರೆ, ಹೊಗೆ ಹೋದರೂ ಉಸಿರು ಕಟ್ಟುವುದು ತಪ್ಪಲಿಲ್ಲ.

ಪ್ರಯಾಣಿಕನ ಹೊರೆಯೂ ಹಗುರಾಗಿಲ್ಲ. 2025ರಲ್ಲಿ ಮುಂಬಯಿಯಲ್ಲಿಯೂ ಪುಣೆಯಲ್ಲಿಯೂ ಕನಿಷ್ಠ ದರ 5 ರೂಪಾಯಿಯಿಂದ 10 ರೂಪಾಯಿಗೆ ಏರಿತು. ಹೋಗಿ ಬರುವ ಮಾಣಿಗೆ ದಿನಕ್ಕೆ ಇಪ್ಪತ್ತು. ನಡುವೆ ಬಸ್ಸು ಬದಲಿಸಬೇಕಾದರೆ ನಲವತ್ತು. ತಟ್ಟೆ ತೊಳೆಯುವ ಹುಡುಗನಿಗೆ ಇದು ಸಣ್ಣ ಮೊತ್ತವಲ್ಲ.

ರಸ್ತೆಯ ಅನುಭವವೂ ನಮಗಿದೆ. 2006ರ ಡಿಸೆಂಬರಿನಲ್ಲಿ ಕಾತ್ರಜ–ಸ್ವಾರಗೇಟ್–ಹಡಪಸರ ಮಾರ್ಗದಲ್ಲಿ ಬಸ್ಸಿಗೆಂದೇ ಪ್ರತ್ಯೇಕ ಪಥ ತೆರೆದಾಗ ದೇಶದಲ್ಲೇ ಮೊದಲನೆಯದೆಂದು ಡಂಗುರ ಸಾರಿದರು. ಇಂದು ಅದು ಆರಂಭದ ರೂಪದಲ್ಲಿ ಉಳಿದಿಲ್ಲ. ಟ್ರಾಲಿ ಬಸ್ಸಿಗೆ ಆದದ್ದೂ ಇದೇ: ಒಂದು ಮಾರ್ಗದಲ್ಲಿ ಪ್ರಯೋಗ, ಕೆಲವು ವರ್ಷ ಉತ್ಸಾಹ, ಆಮೇಲೆ ಉದಾಸೀನ. ತರುವಾಗಲೂ ತೆಗೆಯುವಾಗಲೂ ಅದರಲ್ಲಿ ಕುಳಿತು ಹೋಗುವವರನ್ನು ಕೇಳುವ ಪರಿಪಾಠ ನಮ್ಮ ಆಡಳಿತಗಳಿಗಿಲ್ಲ.

ನಾವು ಕೇಳುವುದಿಷ್ಟು. ಯಾವುದೇ ಬಸ್ಸನ್ನು, ಮಾರ್ಗವನ್ನು ನಿಲ್ಲಿಸುವ ಮುನ್ನ ಪ್ರಯಾಣಿಕರ ಅಹವಾಲು ಕೇಳಬೇಕು. ಗುತ್ತಿಗೆಯ ಡ್ರೈವರಿಗೆ ಕಾಯಂ ಡ್ರೈವರಿನ ಸಮನಾದ ವೇತನ, ಪ್ರಾವಿಡೆಂಟ್ ಫಂಡು, ರಜೆ ದೊರೆಯಬೇಕು. ಮೊದಲ ಬಸ್ಸು ಕಾರ್ಖಾನೆಯ ಬೆಳಗಿನ ಪಾಳಿಗೆ ಮುಂಚೆ ಹೊರಡಬೇಕು. ಕೊನೆಯ ಬಸ್ಸು ಹೋಟೆಲಿನ ಒಲೆ ಆರಿದ ಮೇಲೆ ಹೊರಡಬೇಕು.

ಕಾರ್ಮಿಕ ಬಂಧುಗಳೇ, ಬರಿಯ ಗೊಣಗಾಟದಿಂದ ವೇಳಾಪಟ್ಟಿ ಬದಲಾಗದು. ನಿಮ್ಮ ಪಾಳಿ ಎಷ್ಟು ಗಂಟೆಗೆ ಮುಗಿಯುತ್ತದೆ, ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯುತ್ತೀರಿ, ಬಸ್ಸು ತಪ್ಪಿದರೆ ರಿಕ್ಷಾಕ್ಕೆ ಎಷ್ಟು ತೆರುತ್ತೀರಿ ಎಂಬುದನ್ನು ಬರೆದು ಸಂಘದ ಕಚೇರಿಗೆ ಮುಟ್ಟಿಸಿರಿ. ಬರೆಯಲು ಬಾರದವರಿಗೆ ಬಲ್ಲವರು ಬರೆದುಕೊಡಲಿ. ಬಸ್ಸಿನ ಅಧಿಕಾರಿಗಳ ಮುಂದೆ ಆ ಕಾಗದಗಳನ್ನೇ ಇಡೋಣ. ಟ್ರಾಲಿ ಬಸ್ಸು ಹೋದದ್ದು ಹೋಯಿತು. ಅದರ ಮೊಮ್ಮಗನಾದರೂ ದುಡಿಯುವವನ ಗಡಿಯಾರ ನೋಡಿ ಓಡುವುದನ್ನು ಕಲಿಯಲಿ.