ಮನೋವೈದ್ಯರಿದ್ದರೂ ಮಾತ್ರೆಯಿಲ್ಲ
ಮಾನಸಿಕ ಆರೋಗ್ಯದ ಮಾತು ಬಂದರೆ ಸಾಕು, ನಮ್ಮ ಜನಪ್ರತಿನಿಧಿಗಳು ನಿಮ್ಹಾನ್ಸ್ ಹೆಸರು ಹೇಳಿ ಬೀಗುತ್ತಾರೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೂ ನಮ್ಮ ಬಳ್ಳಾರಿಯೇ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನನ್ನ ತಮ್ಮನನ್ನು ಅಲ್ಲಿಗೆ ಕರೆದೊಯ್ದಾಗ ಡಾಕ್ಟರು ಸಿಕ್ಕರು, ಸಮಾಧಾನದಿಂದ ಮಾತಾಡಿಸಿ ಚೀಟಿಯನ್ನೂ ಬರೆದರು. ಔಷಧ ಕೌಂಟರಿನಲ್ಲಿ ಮಾತ್ರ ‘ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಉತ್ತರ! ಇದೇನು ನೆಗಡಿಯ ಮಾತ್ರೆಯೇ? ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಗಳು ಸದಾ ಉಚಿತವಾಗಿ ಸಿಗಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಇದಕ್ಕೆ ಕೇಂದ್ರ ಕೊಟ್ಟ ಹಣವೆಷ್ಟು, ರಾಜ್ಯ ಖರ್ಚು ಮಾಡಿದ್ದೆಷ್ಟು ಎಂಬ ಕಿತ್ತಾಟ ಆಮೇಲಿರಲಿ. ಮುಂದಿನ ಅಧಿವೇಶನದಲ್ಲಿ ಪ್ರತಿಯೊಬ್ಬ ಶಾಸಕರೂ ಪಕ್ಷಭೇದ ಮರೆತು ತಮ್ಮ ತಾಲ್ಲೂಕಿನ ಔಷಧ ದಾಸ್ತಾನಿನ ಲೆಕ್ಕ ಕೇಳಲಿ.

–ನೊಂದ ಓದುಗ, ಬಳ್ಳಾರಿ ಜಿಲ್ಲೆ