ಮಳೆಯಂಗಿ ಯಾರ ಖರ್ಚು?

ಮುಂಬಯಿಗೆ ಜೂನ್ ಬಂತೆಂದರೆ ಸೈಕಲ್ ತುಳಿಯುವ ನಮ್ಮವರ ಪಾಡು ಹೇಳತೀರದು. ಹೊಟೇಲಿನ ಊಟದ ಡಬ್ಬಿ ನೆನೆಯದಂತೆ ಹೊದಿಸುತ್ತಾರೆ. ಒಯ್ಯುವ ಹುಡುಗನಿಗೆ ಹೊದಿಕೆಯಿಲ್ಲ. ಅಗ್ಗದ ರೇನ್‌ಕೋಟು ಮಳೆಯನ್ನು ತಡೆದರೂ ಬೆವರನ್ನು ಹೊರಬಿಡದು. ತುಳಿದಷ್ಟೂ ಮೈ ಒದ್ದೆ, ನಿಂತೊಡನೆ ಚಳಿ.

ನೀರು ತಡೆದು ಆವಿ ಬಿಡುವ ಗೋರ್-ಟೆಕ್ಸ್ ಬಟ್ಟೆಗೆ 1969ರಲ್ಲಿ ಅಮೆರಿಕದ ಬಾಬ್ ಗೋರ್ ದಾರಿ ತೆರೆದರು. ಅದರ ಬೆಲೆ ನಮಗೆ ಎಟುಕದು. ಕಡಲತಡಿಯ ಸೆಕೆಯಲ್ಲಿ ಅದೂ ಪೂರ್ತಿ ಗೆಲ್ಲದು. ಆದುದರಿಂದ ಬಂಧುಗಳೇ, ಕಂಕುಳಲ್ಲಿ ಗಾಳಿಕಿಂಡಿ, ಹೊಲಿಗೆಗೆ ಒಳಗಿನಿಂದ ಅಂಟಿಸಿದ ಪಟ್ಟಿ, ಸೊಂಟದ ಕೆಳಗಿಳಿಯುವ ಬೆನ್ನು, ದೂರಕ್ಕೆ ಕಾಣುವ ಹಳದಿ ಬಣ್ಣ, ಇಷ್ಟನ್ನು ನೋಡಿ ಆರಿಸಿರಿ.

ಆದರೆ ಹಣ ತೆರಬೇಕಾದವರು ಯಾರು? ಮಳೆಯಲ್ಲಿ ಕಳುಹಿಸುವ ಧಣಿಯೇ ಮಳೆಯಂಗಿಯನ್ನೂ ಕೊಡತಕ್ಕದ್ದೆಂಬುದು ನಮ್ಮ ಖಚಿತ ಮತ. ಜ್ವರದಿಂದ ಮಲಗಿದರೆ ಕಡಿತವಾಗುವುದು ನಮ್ಮ ಸಂಬಳವೇ. ಮುಂದಿನ ಮಳೆಗಾಲಕ್ಕೆ ಮೊದಲೇ ಒಟ್ಟಾಗಿ ಕೇಳೋಣ.